ಸೌಟಮ್ಮ ಸಾಕಿದ ಗಿಡ

ಸೌಟಮ್ಮನ ಮುಂದೆ ತಟ್ಟೆ ಹಿಡಿದು "ಸಾಕು" ಅಂದು ಗೆದ್ದುಬಂದವರು ಯಾರೂ ಇಲ್ಲ. ಹುಡುಗಿಯರ ಹಾಸ್ಟೆಲಿನ ಊಟದ ಮನೆಯಲ್ಲಿ ಬಡಿಸುವ ಕೆಲಸ ಆಕೆಯದು. ಉದ್ದನೆಯ ಕಟ್ಟೆ, ಅದರ ಮೇಲೆ ಹಬೆಯಾಡುವ ಪಾತ್ರೆಗಳು, ಪಾತ್ರೆಗಳ ಹಿಂದೆ ತೋಳು ಮಡಚಿಕೊಂಡು ನಿಂತ ಸೌಟಮ್ಮ. ಸಾಲಿನಲ್ಲಿ ಬಂದ ಹುಡುಗಿ ಸಾಕು ಅಂದರೆ ಒಂದು ಸೌಟು, ಸಾಕಮ್ಮಾ ಅಂದರೆ ಇನ್ನೊಂದು ಸೌಟು, ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಇನ್ನರ್ಧ. ಬೆಳೆಯೋ ವಯಸ್ಸು, ತಿನ್ನಬೇಕು ಎಂಬುದು ಆಕೆಯ ಮಂತ್ರ. ಓದು ಮುಗಿಸಿ ಕೆಲಸಕ್ಕೆ ಸೇರಿದವರೂ ಆಕೆಯ ಲೆಕ್ಕದಲ್ಲಿ ಬೆಳೆಯುವ ವಯಸ್ಸಿನವರೇ. ವಾರ್ಡನ್ ಮೇಡಮ್ಮಿಗೆ ಐವತ್ತು ದಾಟಿತ್ತು, ಸೌಟಮ್ಮನ ಕೃಪೆಯಿಂದ ಅವರೂ ಬೆಳೆಯುತ್ತಲೇ ಇದ್ದರು. ಸೌಟಮ್ಮ ಎಂಬ ಹೆಸರು ಹುಡುಗಿಯರು ಇಟ್ಟದ್ದು. ಅದು ಹಾಸ್ಟೆಲಿನ ಗೇಟು ದಾಟಿ, ಬೀದಿ ದಾಟಿ, ಆಕೆಗಿಂತ ಮೊದಲೇ ಮನೆ ಸೇರಿತ್ತು. ಗಂಡನೂ ಹಾಗೇ ಕರೆಯುತ್ತಿದ್ದ.

ಈ ಧಾರಾಳ ಕೈಗೂ ಒಂದು ಹಿಂದಿನ ಕಥೆ ಇತ್ತು. ಮನೆ ತುಂಬ ಮಕ್ಕಳಿದ್ದ ಸಂಸಾರದಲ್ಲಿ ಅವಳು ಕೊನೆಯವಳು. ಪಾತ್ರೆ ಅವಳ ತಟ್ಟೆಯ ಹತ್ತಿರ ಬರುವಷ್ಟರಲ್ಲಿ ಸೌಟು ತಳ ಕೆರೆಯುವ ಸದ್ದು ಕೇಳುತ್ತಿತ್ತು. ಅಮ್ಮ ಮುಖ ಬಾಡಿಸಿಕೊಂಡು ಸಾಕಾಯ್ತಾ ಮಗಳೇ ಎಂದು ಕೇಳಿದರೆ ಇವಳು ಸಾಕು ಅನ್ನುತ್ತಿದ್ದಳು. ಸಾಕಾಗಿರುತ್ತಿರಲಿಲ್ಲ. ಅಮ್ಮನಿಗೂ ಅದು ಗೊತ್ತಿತ್ತು, ಆದರೆ ಗೊತ್ತಿದೆ ಎಂದು ಹೇಳಿ ಮಾಡುವುದಾದರೂ ಏನು? ಹಾಗಾಗಿ ಸೌಟಮ್ಮನ ಪಾಲಿಗೆ ಸಾಕು ಎಂಬುದು ಜಗತ್ತಿನಲ್ಲೇ ದೊಡ್ಡ ಸುಳ್ಳು. ಯಾರ ಬಾಯಲ್ಲಿ ಅದು ಬಂದರೂ ಆಕೆಯ ಕೈ ತಾನಾಗಿ ಪಾತ್ರೆಗೆ ಇಳಿಯುತ್ತಿತ್ತು.

ಇಂಥವಳ ಕೈಗೆ ಗಿಡ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಅವರ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಬಚ್ಚಲು, ಎರಡು ಕುರ್ಚಿ ಹಾಕಿದರೆ ಮೂರನೆಯವರು ನಿಂತೇ ಇರಬೇಕಾದ ಬಾಲ್ಕನಿ. ಅದೇ ಕಟ್ಟಡದ ಕೆಳಗಿನ ಮನೆಯಲ್ಲಿದ್ದ ನಾದಿನಿ, ಅಂದರೆ ಗಂಡನ ತಂಗಿ, ಬೀದಿಯ ತಿರುವಿನಲ್ಲಿ ಕುಂಡದ ಗಿಡಗಳನ್ನು ಮಾರುತ್ತಿದ್ದಳು. ಅವಳು ಇಟ್ಟದ್ದೆಲ್ಲ ಅವಳೇ ಹೆಸರಿಟ್ಟ "ಸೋಮಾರಿ ಗಿಡ"ಗಳು. ಮನಿ ಪ್ಲಾಂಟು, ಲೋಳೆಸರ, ಕತ್ತಿಯ ಹಾಗೆ ನೆಟ್ಟಗೆ ನಿಲ್ಲುವ ಪಟ್ಟೆ ಎಲೆಯ ಹಾವಿನ ಗಿಡ. ಕೆಲಸಕ್ಕೆ ಓಡುವವರು, ಮರೆಗುಳಿಗಳು, ಊರೂರು ತಿರುಗುವವರು ಇಟ್ಟುಕೊಂಡರೂ ಬದುಕುವಂಥವು. ಸೋಮಾರಿ ಯಾರು, ಗಿಡವೋ ಇಟ್ಟುಕೊಂಡವರೋ ಎಂದು ಯಾರಾದರೂ ಕೇಳಿದರೆ, ವ್ಯಾಪಾರ ಕೆಡಿಸಬೇಡಿ ಹೋಗಿ ಅನ್ನುತ್ತಿದ್ದಳು. ನಾದಿನಿ ಅತ್ತಿಗೆಗೆ ಪ್ರೀತಿಯಿಂದ ಒಂದೊಂದಾಗಿ ಎಲ್ಲ ಜಾತಿಯನ್ನೂ ಕೊಟ್ಟಳು. ಅತ್ತಿಗೆ ಅಷ್ಟೇ ಪ್ರೀತಿಯಿಂದ ಒಂದೊಂದಾಗಿ ಎಲ್ಲವನ್ನೂ ಮಣ್ಣು ಮಾಡಿದಳು.

ಬೆಳಿಗ್ಗೆ ಎದ್ದ ಕೂಡಲೇ ನೀರು. ಹಾಸ್ಟೆಲಿನಿಂದ ಬಂದ ಕೂಡಲೇ ನೀರು. ತರಕಾರಿ ತೊಳೆದ ನೀರು, ಹಾಲಿನ ಪಾತ್ರೆ ತೊಳೆದ ನೀರು, ಲೋಟದಲ್ಲಿ ಉಳಿದ ತಣ್ಣನೆಯ ಟೀ. ಕುಂಡದ ಕೆಳಗಿನ ತಟ್ಟೆ ತುಂಬಿ ತುಳುಕಿದರೆ ಆಕೆಗೆ ಹೊಟ್ಟೆ ತುಂಬಿದ ಸಮಾಧಾನ. ಎಲೆ ಹಳದಿಗೆ ತಿರುಗಿದರೆ, ಪಾಪ ಬಾಯಾರಿದೆ ಎಂದು ಇನ್ನೊಂದು ಚೊಂಬು. ನಿನ್ನ ಕೈಗೆ ಸಿಕ್ಕರೆ ಪ್ಲಾಸ್ಟಿಕ್ ಹೂವೂ ಕೊಳೆಯುತ್ತೆ ಎಂದು ಗಂಡ ನಗುತ್ತಿದ್ದ. ಕೊನೆಗೆ ನಾದಿನಿ ಹಾವಿನ ಗಿಡದ ಕುಂಡವೊಂದನ್ನು ಮಹಡಿ ಹತ್ತಿಸಿ ತಂದು, ಇದನ್ನು ಮಾತ್ರ ಯಾರ ಕೈಲೂ ಕೊಲ್ಲೋಕಾಗಲ್ಲ ಎಂದು ಸವಾಲು ಹಾಕಿದಂತೆ ಇಟ್ಟುಹೋದಳು. ಸೌಟಮ್ಮನ ಕೈಲಿ ಆಯಿತು. ನೆಟ್ಟಗಿದ್ದ ಎಲೆಗಳು ಬುಡದಲ್ಲಿ ಮೆತ್ತಗಾಗಿ, ಕುಡಿದವರ ಹಾಗೆ ಒಂದರ ಮೇಲೊಂದು ವಾಲಿಕೊಂಡವು. ನಾದಿನಿ ಬಂದು ಬುಡ ಹಿಡಿದು ಮೇಲೆತ್ತಿದರೆ ಗಿಡ ಕೈಗೇ ಬಂತು, ಬೇರಿದ್ದ ಜಾಗದಲ್ಲಿ ಕೊಳೆತ ವಾಸನೆ.

"ಅತ್ತಿಗೆ, ಇದು ಬಾಯಾರಿ ಸತ್ತಿಲ್ಲ. ಮುಳುಗಿ ಸತ್ತಿದೆ."

ಬೇರಿಗೂ ಉಸಿರು ಬೇಕು, ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಗಾಳಿ ಎಲ್ಲಿಂದ ಬರಬೇಕು ಎಂದು ಅವಳು ಬಿಡಿಸಿ ಹೇಳಿದಳು. ಸೌಟಮ್ಮ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬಾಯಿಗೆ ನೀರು ಕೊಟ್ಟದ್ದೂ ಅಪರಾಧವೇ ಎಂದು ಮುಖ ಊದಿಸಿಕೊಂಡಳು. ಸತ್ತ ಗಿಡವನ್ನು ನಾಳೆ ಎಸೆದರಾಯಿತು ಎಂದು ಬಾಲ್ಕನಿಯ ಮೂಲೆಗೆ ತಳ್ಳಿ ಒಳಗೆ ಹೋದಳು.

ಗಂಡ ಪ್ಲಂಬರು. ಆ ಬಡಾವಣೆಯ ಅರ್ಧ ಮನೆಗಳ ನಲ್ಲಿಗೆ ಅವನ ಕೈ ತಾಗಿತ್ತು. ಮಾತು ಕಡಿಮೆ, ಕಿವಿ ಚುರುಕು. ಗೋಡೆಗೆ ಕಿವಿಯಿಟ್ಟು ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುವುದರಲ್ಲಿ ಎತ್ತಿದ ಕೈ. ಅಂಥವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು. ಸಂಜೆಗೆ ಪಾದ ಊದಿ ಚಪ್ಪಲಿಯ ಪಟ್ಟಿ ಹಾಕಲಾಗದಂತಾಯಿತು. ಆಸ್ಪತ್ರೆಯ ಡಾಕ್ಟರು ನೋಡಿ, ಹೃದಯದ ವಾಲ್ವು ಸೋರುತ್ತಿದೆ, ಪಂಪು ಸೋತಿದೆ, ಆಪರೇಷನ್ ತಾಳುವಷ್ಟು ತ್ರಾಣ ಈಗ ನಿಮ್ಮ ದೇಹಕ್ಕಿಲ್ಲ, ಔಷಧಿಯಲ್ಲೇ ನಡೆಸೋಣ ಎಂದರು. ಜೀವಮಾನವೆಲ್ಲ ವಾಲ್ವು ಬಿಚ್ಚಿ ಜೋಡಿಸಿದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಡಾಕ್ಟರು ಮೇಜಿನ ಮೇಲೆ ಒಂದು ಬಾಟಲಿ ಇಟ್ಟು, ಇನ್ನುಮೇಲೆ ಇಡೀ ದಿನಕ್ಕೆ ಇಷ್ಟೇ ನೀರು, ಒಂದು ಗುಟುಕೂ ಹೆಚ್ಚಿಲ್ಲ ಎಂದಾಗ ಅವನ ಮುಖ ಸಪ್ಪಗಾಯಿತು. ಊರಿಗೆಲ್ಲ ನೀರು ಹರಿಸಿದವನ ಬಾಯಿಗೇ ಬೀಗ.

ಬೀಗದ ಕೈ ಯಾರ ಹತ್ತಿರ ಇತ್ತು ಹೇಳಿ? ಸೌಟಮ್ಮನ ಹತ್ತಿರ. ಬೆಕ್ಕಿನ ವಶಕ್ಕೆ ಹಾಲು ಕೊಟ್ಟ ಹಾಗೆ.

ಆಕೆ ಮೋಸ ಮಾಡಲಿಲ್ಲ, ಅದನ್ನು ಮೊದಲೇ ಹೇಳಬೇಕು. ಬಾಟಲಿಯ ನೀರು ಮುಗಿದ ಮೇಲೆ ಒಂದು ಹನಿ ನೀರನ್ನೂ ಕೊಡಲಿಲ್ಲ. ಆದರೆ ನೀರು ಅಂದರೆ ಆಕೆಗೆ ನೀರು ಮಾತ್ರ. ಗಂಜಿ ಊಟ, ಅದು ನೀರಲ್ಲ. ಕಲ್ಲಂಗಡಿ ಹಣ್ಣು, ಅದೂ ನೀರಲ್ಲ. ಮಜ್ಜಿಗೆ ತಂಪಿಗೆ, ಟೀ ಬೇಸರಕ್ಕೆ, ಹಾಲು ಶಕ್ತಿಗೆ. ಗಂಡ ಒಣಗಿದ ತುಟಿ ಸವರಿಕೊಂಡರೆ ಸಾಕು, ಏನಾದರೊಂದು ಲೋಟ ಅವನ ಕೈಗೆ ಬರುತ್ತಿತ್ತು. ಅವನೂ ಸುಮ್ಮನೆ ಕುಡಿಯುತ್ತಿದ್ದ. ಬಾಯಾರಿದವನು ಎಲ್ಲಿಯಾದರೂ ವಾದ ಮಾಡುತ್ತಾನೆಯೇ?

ಒಂದು ಬೆಳಿಗ್ಗೆ ಅವನಿಗೆ ಮಲಗಿದರೆ ಉಸಿರಿಲ್ಲ, ಕೂತರೂ ಉಸಿರಿಲ್ಲ. ನಾದಿನಿ ಬೀದಿಗೆ ಓಡಿ ಗಾಡಿ ಹಿಡಿದು ತಂದಳು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿ, ಸೂಜಿ ಚುಚ್ಚಿ, ಅಂತೂ ಹಿಡಿದು ನಿಲ್ಲಿಸಿದರು. ಡಾಕ್ಟರು ಹೊರಗೆ ಬಂದು ಎಷ್ಟು ನೀರು ಕೊಡ್ತಿದ್ರಿ ಎಂದು ಕೇಳಿದಾಗ, ಸೌಟಮ್ಮ ಕೊಟ್ಟ ಮಾತಿಗೆ ತಪ್ಪಿಲ್ಲ, ಬಾಟಲಿ ಬಿಟ್ಟು ಬೇರೆ ಕೊಟ್ಟಿಲ್ಲ ಎಂದು ಆಣೆ ಇಟ್ಟಳು. ಮತ್ತೆ ತಿನ್ನೋಕೆ ಏನು ಕೊಡ್ತಿದ್ರಿ ಎಂದು ಕೇಳಿದರು. ಆಕೆ ಒಂದೊಂದೇ ಹೇಳುತ್ತ ಹೋದಳು. ಗಂಜಿಯಿಂದ ಹಿಡಿದು ಮಜ್ಜಿಗೆಗೆ ಬರುವಷ್ಟರಲ್ಲಿ ಆಕೆಯ ದನಿ ತಾನಾಗಿ ಇಳಿಯಿತು. ಡಾಕ್ಟರು ಬೈಯಲಿಲ್ಲ. ಅವೆಲ್ಲವೂ ನೀರೇ ಅಮ್ಮ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು, ಈ ಸಲ ಉಳಿದುಕೊಂಡಿದ್ದಾರೆ, ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿಲ್ಲ ಎಂದಷ್ಟೇ ಹೇಳಿ ಹೋದರು.

ಗೋಡೆಗೆ ಒರಗಿ ನಿಂತಿದ್ದ ಸೌಟಮ್ಮನಿಗೆ ಕೇಳಿಸಿದ್ದು ಡಾಕ್ಟರ ಮಾತಲ್ಲ. ಬಾಯಾರಿ ಸತ್ತಿಲ್ಲ, ಮುಳುಗಿ ಸತ್ತಿದೆ. ಅದನ್ನು ಹೇಳಿದವಳು ಪಕ್ಕದಲ್ಲೇ ಇದ್ದಳು, ಅಣ್ಣನ ಚಪ್ಪಲಿಯನ್ನು ಎದೆಗವುಚಿಕೊಂಡು ಕೂತಿದ್ದಳು. ತನ್ನ ಕೈಯೇ ತನ್ನ ಗಂಡನನ್ನು ಕೊಲ್ಲುತ್ತಿತ್ತು, ಅದೂ ಪ್ರೀತಿಯಿಂದ. ಅತಿಯಾದರೆ ಅಮೃತವೂ ವಿಷ ಎಂದು ಊರೆಲ್ಲ ಹೇಳುತ್ತದೆ. ಆಕೆಗೆ ಅದು ಅರ್ಥವಾದದ್ದು ಆ ಗೋಡೆಯ ಹತ್ತಿರ.

ಮಾರನೆಯ ದಿನ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದವಳು ಬಾಲ್ಕನಿಗೆ ಹೋಗಿ ನಿಂತಳು. ಮೂಲೆಯಲ್ಲಿ ಆ ಹಾವಿನ ಗಿಡ ಹಾಗೇ ಬಿದ್ದಿತ್ತು. ನಾದಿನಿಯನ್ನು ಮೇಲೆ ಕರೆದಳು.

"ನೀರು ಹಾಕದೆ ಇರೋದನ್ನ ನಂಗೆ ಕಲಿಸಿಕೊಡು."

ಬೇರೆ ದಿನವಾಗಿದ್ದರೆ ನಾದಿನಿ ಇದಕ್ಕೆ ವಾರವಿಡೀ ನಗುತ್ತಿದ್ದಳು. ಆ ದಿನ ನಗಲಿಲ್ಲ. ಕೊಳೆತ ಎಲೆಗಳ ನಡುವೆ ತುದಿ ಇನ್ನೂ ಗಟ್ಟಿಯಾಗಿದ್ದ ಒಂದನ್ನು ಹುಡುಕಿ, ಕೆಟ್ಟ ಭಾಗವನ್ನು ಕತ್ತರಿಸಿ ಎಸೆದು, ಅಂಗೈಯಗಲದ ತುಂಡನ್ನು ಕಿಟಕಿಯ ಅಂಚಿನಲ್ಲಿಟ್ಟಳು. ಮೊದಲು ಗಾಯ ಒಣಗಲಿ, ಆಮೇಲೆ ನೆಡೋಣ ಅಂದಳು. ಒಣಗಿದ ಮೇಲೆ ಮರಳು ಹೆಚ್ಚಾಗಿ ಬೆರೆಸಿದ ಮಣ್ಣಿನಲ್ಲಿ, ತಳಕ್ಕೆ ತೂತಿರುವ ಸಣ್ಣ ಕುಂಡದಲ್ಲಿ ಅದನ್ನು ಊರಿದಳು. ಕುಂಡದ ಕೆಳಗಿನ ತಟ್ಟೆಯನ್ನು ಕಿತ್ತುಕೊಂಡು ತಾನೇ ಇಟ್ಟುಕೊಂಡಳು. ನೀರು ಹಾಕಬೇಕು ಅನ್ನಿಸಿದಾಗಲೆಲ್ಲ ಬೆರಳನ್ನು ಎರಡು ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು. ತೇವ ತಾಗಿದರೆ ಕೈ ತೊಳೆದುಕೊಂಡು ಹೋಗುತ್ತಿರಬೇಕು, ಅಷ್ಟೇ.

"ಗಿಡ ಸಾಕೋಕೆ ಒಂದೇ ಮಾತು ಗೊತ್ತಿದ್ರೆ ಆಯ್ತು ಅತ್ತಿಗೆ. ಸಾಕು ಅನ್ನೋದು. ಸಾಕೋದು ಅಂದ್ರೇನೇ ಅದು."

ಆ ಒಂದು ಮಾತೇ ಸೌಟಮ್ಮನಿಗೆ ಬಾರದ ಮಾತು.

ಗಂಡ ಮನೆಗೆ ಬಂದ. ಮಂಚವನ್ನು ಬಾಲ್ಕನಿಯ ಬಾಗಿಲಿಗೆ ಎಳೆದು ಹಾಕಿದ್ದರಿಂದ ಅವನ ಕಣ್ಣೆದುರೇ ಕುಂಡ. ಹೆಂಡತಿ ದಿನಾ ಬಂದು ಮಣ್ಣಿಗೆ ಬೆರಳಿಡುವುದು, ತೇವ ತಾಗಿ ಮುಖ ಹುಳ್ಳಗೆ ಮಾಡಿಕೊಳ್ಳುವುದು, ಚೊಂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಒಳಗೆ ಹೋಗುವುದು, ಇದೇ ಅವನಿಗೆ ದಿನದ ನಾಟಕ. ಪಾಪ, ಅದಕ್ಕೂ ಡಾಕ್ಟರು ಹೇಳಿದ್ದಾರಾ ಎಂದು ಕೇಳುತ್ತಿದ್ದ. ಸೌಟಮ್ಮ ಈಗ ಗಂಜಿಯನ್ನೂ ಟೀಯನ್ನೂ ಬಾಟಲಿಯ ಲೆಕ್ಕಕ್ಕೇ ಸೇರಿಸುತ್ತಿದ್ದಳು. ಅವನು ತುಟಿ ಸವರಿಕೊಂಡರೆ ಎದ್ದು ಹೋಗಿ ಪಾತ್ರೆ ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಆ ಮನೆಯ ಪಾತ್ರೆಗಳು ಕನ್ನಡಿಯಾದವು.

ಗಂಡನಿಗೆ ಕಾಣುವಂತೆ ನೀರು ಕುಡಿಯುವುದನ್ನೂ ಆಕೆ ಬಿಟ್ಟಳು. ಬಾಯಾರಿದರೆ ಬಚ್ಚಲುಮನೆಗೆ ಹೋಗಿ, ಚಿಲಕ ಹಾಕಿ, ನಲ್ಲಿಯನ್ನು ಸದ್ದಾಗದಂತೆ ಒಂದಿಷ್ಟೇ ತಿರುಗಿಸಿ, ಬೊಗಸೆಯಲ್ಲಿ ಕುಡಿದು ಬಾಯೊರೆಸಿಕೊಂಡು ಬರುತ್ತಿದ್ದಳು. ಸ್ವಂತ ಮನೆಯಲ್ಲಿ ನೀರು ಕದ್ದ ಕಳ್ಳಿ ಅವಳೊಬ್ಬಳೇ ಇರಬೇಕು.

ಬೇಸಗೆ ಬಂತು. ಒಂದು ಮಧ್ಯಾಹ್ನ ಕರೆಂಟಿಲ್ಲ, ಫ್ಯಾನಿಲ್ಲ, ಗೋಡೆ ಮುಟ್ಟಿದರೆ ಸುಡುತ್ತಿತ್ತು. ಬಾಟಲಿಯಲ್ಲಿ ಸಂಜೆಯ ಮಾತ್ರೆಗೆ ಬೇಕಾದಷ್ಟೇ ಉಳಿದಿತ್ತು. ಅವನು ಮೊದಲು ಕಣ್ಣಲ್ಲಿ ಕೇಳಿದ. ಆಮೇಲೆ ಬಾಯಲ್ಲಿ ಕೇಳಿದ, ಒಂದೇ ಒಂದು ಗುಟುಕು ಕೊಡೇ ಎಂದು. ಸೌಟಮ್ಮ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸಿದಳು. ಅವನು ಬಟ್ಟೆಯನ್ನು ಕಿತ್ತೆಸೆದ.

"ಊರಿಗೆ ಉಪಕಾರಿ, ಮನೆಗೆ ಮಾರಿ. ಹಾದಿಬೀದಿ ಹುಡುಗಿಯರಿಗೆಲ್ಲ ಇನ್ನೊಂದು ಸೌಟು, ಕಟ್ಟಿಕೊಂಡ ಗಂಡನಿಗೆ ಒಂದು ಗುಟುಕು ಇಲ್ಲ."

ಅವನು ಎಂದೂ ಹೀಗೆ ಆಡಿದವನಲ್ಲ. ಸೌಟಮ್ಮನ ಕೈ ಆಗಲೇ ಚೊಂಬಿನ ಕಡೆ ಹೋಗಿತ್ತು, ಜೀವಮಾನದ ಅಭ್ಯಾಸ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆಕೆ ಚೊಂಬನ್ನು ಎತ್ತಿದಳು. ಅವನ ಪಾದಗಳನ್ನು ನೋಡಿದಳು. ಊತ ಇಳಿದು ಗಿಣ್ಣಿನ ಮೂಳೆ ಮತ್ತೆ ಕಾಣತೊಡಗಿತ್ತು. ಚೊಂಬನ್ನು ಇದ್ದಲ್ಲಿಯೇ ಇಟ್ಟಳು.

"ಸಾಕು ರೀ," ಅಂದಳು. "ಇವತ್ತಿಗೆ ಸಾಕು."

ಹೇಳಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಸಂಜೆಯ ಮಾತ್ರೆಯನ್ನು ಅವಳ ಮುಖ ನೋಡದೆ ನುಂಗಿದ.

ಮರುದಿನ ಹಾಸ್ಟೆಲಿನಲ್ಲಿ ಒಂದು ವಿಚಿತ್ರ ನಡೆಯಿತು. ಸಾಲಿನ ಮೊದಲ ಹುಡುಗಿ ರೂಢಿಯಂತೆ ಸಾಕು ಅಂದಳು. ಸೌಟು ಗಾಳಿಯಲ್ಲಿ ನಿಂತಿತು. ನಿಂತದ್ದು ಹಾಗೇ ಪಾತ್ರೆಗೆ ವಾಪಸು ಹೋಯಿತು. ಹುಡುಗಿ ಕದಲಲಿಲ್ಲ, ಹಿಂದಿನವರು ಇಣುಕಿದರು, ವಾರ್ಡನ್ ಮೇಡಮ್ಮು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಯಾಕಮ್ಮಾ, ಹುಷಾರಿಲ್ವಾ?" ಹುಡುಗಿ ಕೇಳಿದಳು. "ನೀವು ಹಾಕೇ ಹಾಕ್ತೀರಿ ಅಂತ ನಾನು ಸಾಕು ಅಂದಿದ್ದು."

ಸೌಟಮ್ಮನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಎಲ್ಲರ ಸಾಕೂ ಒಂದೇ ಅಲ್ಲ. ಒಂದು ನಿಜ, ಒಂದು ಸಂಕೋಚ, ಒಂದು ಹಸಿ ಸುಳ್ಳು. ಅದಕ್ಕೇ ಸುರಿಯುವ ಮೊದಲು ಬೆರಳಿಟ್ಟು ನೋಡಬೇಕು. ಅಂದಿನಿಂದ ಆಕೆ ತಟ್ಟೆಯನ್ನಲ್ಲ, ಮುಖವನ್ನು ನೋಡಿ ಬಡಿಸತೊಡಗಿದಳು. ಊಟದ ಮನೆಯ ತೊಟ್ಟಿಗೆ ಬೀಳುವ ಎಂಜಲು ಕಡಿಮೆಯಾಯಿತು. ವಾರ್ಡನ್ ಮೇಡಮ್ಮಿನ ಬೆಳವಣಿಗೆಯೂ ನಿಂತಿತು ಎಂದು ಹುಡುಗಿಯರು ಆಡಿಕೊಂಡರು.

ಬೇಸಗೆ ಮುಗಿಯುವ ಹೊತ್ತಿಗೆ ಮತ್ತೆ ಆಸ್ಪತ್ರೆಗೆ ಹೋದರು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿದರು, ಪಾದ ಒತ್ತಿ ನೋಡಿದರು, ತಿರುಗಿಸಿ ಬೆನ್ನಿಗೂ ಇಟ್ಟು ಕೇಳಿದರು. ಶ್ವಾಸಕೋಶ ಹಗುರವಾಗಿದೆ, ದೇಹ ಹೀಗೇ ಸುಧಾರಿಸಿದರೆ ವಾಲ್ವಿನ ಮಾತನ್ನೂ ಮುಂದೆ ಆಡಬಹುದು ಎಂದರು. ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಾಗ ಅವನು ಹೆಂಡತಿಯ ಕಡೆ ಗದ್ದ ಎತ್ತಿ ತೋರಿಸಿ, ಇವಳೇ ಸಾಕ್ತಾಳೆ, ಜೈಲರಿನ ಹಾಗೆ ಎಂದ. ಆ ಜೈಲರಿಗೆ ಹೆಜ್ಜೆ ನೆಲಕ್ಕೆ ತಾಗದಷ್ಟು ಖುಷಿಯಾಗಿತ್ತು. ದಾರಿಯುದ್ದಕ್ಕೂ ಆಕೆ ಒಬ್ಬೊಬ್ಬರಿಗೂ ಮನಸ್ಸಿನಲ್ಲೇ ಕೈ ಮುಗಿದಳು. ಬೈಯದೆ ಬಿಟ್ಟ ಡಾಕ್ಟರಿಗೆ, ನಗದೆ ಕಲಿಸಿದ ನಾದಿನಿಗೆ, ಸತ್ತು ಬುದ್ಧಿ ಕಲಿಸಿದ ಗಿಡಗಳಿಗೆಲ್ಲ. ಪಕ್ಕದಲ್ಲಿ ಅವನು ತನ್ನದೇ ಕಾಲಿನ ಮೇಲೆ, ತನ್ನದೇ ಉಸಿರಿನಲ್ಲಿ ನಡೆದು ಬರುತ್ತಿದ್ದ. ಇದಕ್ಕಿಂತ ಇನ್ನೇನು ಬೇಕು?

ಮನೆಗೆ ಬಂದು ರೂಢಿಯಂತೆ ಕುಂಡಕ್ಕೆ ಬೆರಳಿಟ್ಟಳು. ಮಣ್ಣು ಒಣಗಿತ್ತು, ಹಾಕಬಹುದಾದ ದಿನ. ಚೊಂಬು ಬಗ್ಗಿಸುವಾಗ ಕಾಣಿಸಿತು. ಊರಿದ ತುಂಡಿನ ಪಕ್ಕದಲ್ಲಿ ಮಣ್ಣು ಸೀಳಿ, ಉಗುರಿನಷ್ಟು ಹಸಿರು ಮೊಳಕೆಯೊಂದು ನೆಟ್ಟಗೆ ನಿಂತಿತ್ತು. ಆಕೆ ಕೂಗಿಕೊಂಡದ್ದಕ್ಕೆ ಕೆಳಗಿನ ಮನೆಯಿಂದ ನಾದಿನಿಯೂ ಓಡಿಬಂದಳು. ಅವಳು ನೋಡಿ, ಮೂಗಿನ ಮೇಲೆ ಬೆರಳಿಟ್ಟು, ಅತ್ತಿಗೆಯ ಕೈಯಲ್ಲಿ ಹುಟ್ಟಿದ್ದು ಅಂತ ಬೋರ್ಡು ಬರೆದು ಮಾರ್ತೀನಿ ಅಂದಳು. ಮಾರಲು ಕೊಡುವವರು ಯಾರು!

ನಾದಿನಿ ಕೆಳಗಿಳಿದ ಮೇಲೆ ಸೌಟಮ್ಮನಿಗೆ ಬಾಯಾರಿತು. ಬಿಸಿಲಲ್ಲಿ ನಡೆದು ಬಂದದ್ದು, ಖುಷಿಗೆ ಕೂಗಾಡಿದ್ದು ಬೇರೆ. ಎದ್ದು ಬಚ್ಚಲಿನ ಕಡೆ ಹೊರಟಳು.

"ಎಲ್ಲಿಗೆ?" ಗಂಡ ಮಂಚದಿಂದ ಕೇಳಿದ.

ಕೈ ತೊಳೆಯೋಕೆ ಎಂದಳು.

"ನಾನು ನಲ್ಲಿ ಕೆಲಸದವನು ಕಣೇ. ಯಾವ ನಲ್ಲಿ ಎಷ್ಟು ತಿರುಗಿತು ಅಂತ ಗೋಡೆ ಈಚೆ ಕೂತು ಹೇಳ್ತೀನಿ. ಕೈ ತೊಳೆಯೋ ಸದ್ದು ಬೇರೆ, ಬೊಗಸೆ ತುಂಬೋ ಸದ್ದು ಬೇರೆ."

ಸೌಟಮ್ಮ ನಿಂತಲ್ಲೇ ನಿಂತಳು. ಅವನು ನಿಧಾನವಾಗಿ ಎದ್ದು, ಅಡುಗೆಮನೆಗೆ ಹೋಗಿ, ಹೂಜಿಯನ್ನೂ ದೊಡ್ಡ ಲೋಟವನ್ನೂ ತಂದ. ಕುಂಡದ ಪಕ್ಕದ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ, ಲೋಟದ ಕಂಠದವರೆಗೆ ತುಂಬಿಸಿ ಕೈಗೆ ಕೊಟ್ಟ. ಆ ಮಧ್ಯಾಹ್ನ ಆಡಿದ ಮಾತನ್ನು ಹೊಟ್ಟೆಗೆ ಹಾಕಿಕೋ ಎಂದ. ನೀನು ಅವತ್ತು ಕೊಟ್ಟಿದ್ದರೆ ಇವತ್ತು ನಾನು ಇರುತ್ತಿರಲಿಲ್ಲ ಎಂದೂ ಹೇಳಿದ. ಮಾತು ಕಡಿಮೆಯವನಿಗೆ ಅದು ದೊಡ್ಡ ಭಾಷಣ.

"ಇಲ್ಲೇ ಕುಡಿ. ನೀನು ಕುಡಿಯೋದು ನೋಡಿದ್ರೆ ನನ್ನ ಗಂಟಲೂ ತಣ್ಣಗಾಗುತ್ತೆ."

ಆಕೆ ಕುಡಿದಳು. ಮೊದಲು ಕಳ್ಳಿಯ ಹಾಗೆ ಗುಟುಕು ಗುಟುಕಾಗಿ, ಆಮೇಲೆ ಗಟಗಟನೆ, ಗಲ್ಲದಿಂದ ಇಳಿದು ಕುತ್ತಿಗೆ ಒದ್ದೆಯಾಗುವಂತೆ. ಅವನು ಕಣ್ಣು ಕದಲಿಸದೆ ನೋಡುತ್ತಿದ್ದ. ಲೋಟ ಖಾಲಿಯಾಯಿತು. ಅವನು ಸಾಕಾಯ್ತಾ ಎಂದು ಕೇಳಿದ.

"ಸಾಕು," ಅಂದಳು.

ಅವನು ಲೋಟವನ್ನು ನೋಡಲಿಲ್ಲ, ಅವಳ ಮುಖವನ್ನು ನೋಡಿದ.

"ಸುಳ್ಳಿ," ಅಂದ, ಹೂಜಿ ಎತ್ತಿಕೊಂಡು. "ಹಿಡಿ. ಇನ್ನೊಂದು ಲೋಟ."

ಸೌಟಮ್ಮ ಲೋಟ ಚಾಚಿದಳು.